ಕೌಶಿಕ ಗೋತ್ರದ ವೆಂಡೆಲ್

ವಾಲ್‌ನಟ್‌ನ ವರದರಾಜರ ಬಳಿ ಎರಡು ವಿಷಯ ಎತ್ತಬಾರದು ಎಂದು ಸುತ್ತಲಿನ ಕನ್ನಡಿಗರೆಲ್ಲ ಅನುಭವದಿಂದ ಕಲಿತಿದ್ದರು. ಒಂದು, ಲಾಸ್ ಏಂಜಲೀಸ್ ಬೇಸ್‌ಬಾಲ್ ತಂಡದ ಒಂಬತ್ತು ಜನರಲ್ಲಿ ಎರಡನೆಯವನಾಗಿ ಯಾರು ಬ್ಯಾಟ್ ಹಿಡಿಯಬೇಕು ಎಂಬುದು. ಇನ್ನೊಂದು, ಆ ತಂಡದ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಕೈಗಳು ಹೀಗೆ ಸಾಲಾಗಿ ಕೆಡುತ್ತಿರುವುದು ಯಾಕೆ ಎಂಬುದು. ಯಾರೂ ಎತ್ತದಿದ್ದರೂ ವರದರಾಜರು ಹೇಳಿಯೇ ಹೇಳುತ್ತಿದ್ದರು. ಎತ್ತಿದರೆ ಚಿತ್ರ ಬರೆದು ತೋರಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ವೃತ್ತಿಯಿಂದ ಅವರು ಸಿವಿಲ್ ಎಂಜಿನಿಯರ್. ಮಳೆ ಬಾರದ ಊರಿನಲ್ಲಿ ಮಳೆನೀರಿನ ಚರಂಡಿ ವಿನ್ಯಾಸ ಮಾಡುವುದು ಅವರ ಕೆಲಸ. ಇಂಥ ಕೆಲಸ ಮನುಷ್ಯನ ತಲೆಯಲ್ಲಿ ಬಹಳ ಜಾಗ ಖಾಲಿ ಬಿಡುತ್ತದೆ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ, ಪ್ರೇಕ್ಷಕರ ಬದಲು ರಟ್ಟಿನ ಗೊಂಬೆಗಳನ್ನು ಕೂರಿಸಿ ಆಡುತ್ತಿದ್ದ ಬೇಸ್‌ಬಾಲನ್ನು ಅವರು ಟಿವಿಯಲ್ಲಿ ನೋಡಿದರು. ಕ್ರೀಡಾಂಗಣದ ಆ ಗೊಂಬೆಗಳು ಸುಮ್ಮನಿದ್ದವು. ವಾಲ್‌ನಟ್‌ನ ಸೋಫಾ ಮೇಲಿದ್ದ ಪ್ರೇಕ್ಷಕರು ಅಂದಿನಿಂದ ಸುಮ್ಮನಿದ್ದಿಲ್ಲ. ದಿನವೂ ಬೆಳಗ್ಗೆ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ಅವರ ಬ್ಯಾಟಿಂಗ್ ಕ್ರಮ ಬಂದು ಬೀಳುತ್ತಿತ್ತು. ಕೆಳಗೆ ‘ಕಾರಣಗಳು’ ಎಂಬ ಉಪಶೀರ್ಷಿಕೆ ಇರುತ್ತಿತ್ತು. ಗುಂಪಿನ ಇನ್ನೂರ ಹನ್ನೊಂದು ಸದಸ್ಯರ ಪೈಕಿ ಎಷ್ಟು ಮಂದಿ ಗುಂಪನ್ನು ಮ್ಯೂಟ್ ಮಾಡಿದ್ದರೆಂದು ವಿಚಾರಿಸುವುದು ಸೌಜನ್ಯವಲ್ಲ.

ಈ ವರ್ಷದ ಮೇ ತಿಂಗಳಲ್ಲಿ ಪರಿಸ್ಥಿತಿ ವಿಷಮಿಸಿತು. ನಾಲ್ವರು ಪಿಚರ್‌ಗಳು ಆಗಲೇ ಗಾಯಾಳುಗಳ ಪಟ್ಟಿಯಲ್ಲಿದ್ದರು. ಒಬ್ಬನಿಗೆ ಭುಜ, ಒಬ್ಬನಿಗೆ ಮುಂಗೈ, ಒಬ್ಬನಿಗೆ ಪಕ್ಕೆ, ಇನ್ನೊಬ್ಬನಿಗೆ ಬೆರಳಿನ ಬೊಬ್ಬೆ. ಈಗ ಐದನೆಯವನೂ ಸೇರಿಕೊಂಡ. ಹೆಸರು ವೆಂಡೆಲ್, ಊರು ಟೆಕ್ಸಾಸ್, ಸರದಿ ಪ್ರಕಾರ ಐದು ದಿನಕ್ಕೊಮ್ಮೆ ಎಸೆಯುವವನು, ಕೆಟ್ಟದ್ದು ಬಲ ಮೊಣಕೈ. ಮಂಗಳವಾರ ಸ್ಕ್ಯಾನ್. ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು ಹರಿದಿದ್ದರೆ ಆಪರೇಷನ್, ಆಪರೇಷನ್ ಎಂದರೆ ಒಂದೂವರೆ ವರ್ಷ ಹೋಯಿತು.

ವರದರಾಜರ ಮನೆಯಲ್ಲಿ ಅದರ ಹಿಂದಿನ ಭಾನುವಾರ ಇನ್ನೊಂದು ವಿಷಯವೂ ಇತ್ತು. ಮಗಳು ಭಾವನಾ ಮತ್ತು ಸ್ಯಾನ್ ಡಿಯೇಗೊದ ಅಮೋಘ ಪರಸ್ಪರ ಒಪ್ಪಿ ಎರಡು ವರ್ಷವಾಗಿತ್ತು. ಇನ್ನು ಹಿರಿಯರು ಒಪ್ಪಬೇಕು. ಅಮೋಘನ ತಂದೆ ಗೋಪಿನಾಥ್ ಟೆಲಿಕಾಂ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದೋಷ ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದವರು. ‘ಮೊದಲು ಹಿರಿಯರು ದೇವಸ್ಥಾನದಲ್ಲಿ ಭೇಟಿಯಾಗಲಿ, ಆಮೇಲೆ ಮಕ್ಕಳು’ ಎಂದು ಅವರೇ ಕ್ರಮ ಹಾಕಿಕೊಟ್ಟಿದ್ದರು. ಅವರು ಬೇಡವೆಂದರೆ ಅಮೋಘ ಮುಂದುವರಿಯುವ ಹುಡುಗನಲ್ಲ. ಭಾವನಾ ಆ ಕಾರಣಕ್ಕೇ ಅವನನ್ನು ಮೆಚ್ಚಿದ್ದಳು, ಆ ಕಾರಣಕ್ಕೇ ಈಗ ಉಗುರು ಕಚ್ಚುತ್ತಿದ್ದಳು.

“ಅಪ್ಪಾ, ನೋ ಬೇಸ್‌ಬಾಲ್,” ಎಂದಳು ಭಾನುವಾರ ಬೆಳಗ್ಗೆ. “ಅವರ ಮುಂದೆ ಒನ್ ವರ್ಡ್ ಕೂಡ ಬೇಡ. ಪ್ರಾಮಿಸ್ ಮಾಡಿ.”

“ನಾನೇನು ಚಿಕ್ಕ ಮಗುನಾ?”

“ಪ್ರಾಮಿಸ್, ಅಪ್ಪ.”

ವರದರಾಜರು ಮಗಳ ಕೈ ಮೇಲೆ ಕೈಯಿಟ್ಟರು. ಅವರಿಗೆ ಎಷ್ಟೋ ದೋಷಗಳಿದ್ದವು, ಮಾತು ತಪ್ಪುವುದು ಅವುಗಳಲ್ಲಿ ಸೇರಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅವರ ಈ ಒಂದು ಸದ್ಗುಣವೇ ಕಾರಣ.

ಕ್ಯಾಲಬಾಸಸ್ ದೇವಸ್ಥಾನವನ್ನು ಅವರು ಅರ್ಧ ಗಂಟೆ ಮುಂಚೆ ತಲುಪಿದರು. ಹೆಂಡತಿ ಅನಸೂಯ ತಟ್ಟೆಯಲ್ಲಿ ಹಣ್ಣು ಜೋಡಿಸುತ್ತಿದ್ದಾಗ ವರದರಾಜರು ಅರ್ಚನೆಯ ಚೀಟಿ ಬರೆದರು. ವರದರಾಜ, ಅನಸೂಯ, ಭಾವನಾ. ಪೆನ್ನು ನಿಂತಿತು. ಕೆಳಗೆ ಒಂದು ಸಾಲು ಖಾಲಿ ಇತ್ತು.

ಬೇಸ್‌ಬಾಲ್ ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದರೇ ಹೊರತು ಪ್ರಾರ್ಥಿಸುವುದಿಲ್ಲ ಎಂದಲ್ಲ. ಅವರು ಬರೆದರು: ವೆಂಡೆಲ್. ನಕ್ಷತ್ರದ ಚಿಂತೆಯಿರಲಿಲ್ಲ. ತಂಡದವರು ಪ್ರಕಟಿಸಿದ್ದ ಜನ್ಮದಿನಾಂಕ ಹಿಡಿದು, ಟೆಕ್ಸಾಸಿನ ಸಮಯಕ್ಕೆ ಹೊಂದಿಸಿ, ವರದರಾಜರು ಹಿಂದಿನ ವಾರವೇ ಲೆಕ್ಕ ಹಾಕಿಟ್ಟಿದ್ದರು. ಹುಟ್ಟಿದ ಹೊತ್ತು ಮಾತ್ರ ಗೊತ್ತಿರಲಿಲ್ಲ. ಅವನು ಎಸೆಯುವ ವೈಖರಿ ನೋಡಿ ಬೆಳಗಿನ ಜಾವವೆಂದು ತೀರ್ಮಾನಿಸಿದ್ದರು. ಆಶ್ಲೇಷಾ.

ಉಳಿದದ್ದು ಗೋತ್ರ. ಗೋತ್ರ ತಿಳಿಯದವರಿಗೆ ಕಾಶ್ಯಪ ಎಂದು ಹೇಳಿಬಿಡುವ ರೂಢಿ ಇದೆ. ಆದರೆ ಕಾಶ್ಯಪ ಎಂದರೆ ದಿಕ್ಕಿಲ್ಲದವರಿಗೆ ಕೊಡುವ ವಿಳಾಸ ಎಂದು ವರದರಾಜರ ಭಾವನೆ. ಮೂರು ವರ್ಷದಿಂದ ತಂಡವನ್ನು ಹೆಗಲ ಮೇಲೆ ಹೊತ್ತವನನ್ನು ಹಾಗೆ ಬೀದಿಯಲ್ಲಿ ನಿಲ್ಲಿಸುವುದೇ? ‘ಕೌಶಿಕ’ ಎಂದು ಬರೆದು ತಮ್ಮ ಸಂಸಾರದ ಬ್ರಾಕೆಟ್ಟಿನೊಳಗೆ ಅವನನ್ನೂ ಎಳೆದುಕೊಂಡರು. ಪಕ್ಕದಲ್ಲಿ ‘ಬಲ ಮೊಣಕೈ’ ಎಂದು ಸೇರಿಸಿದರು.

ಗೋಪಿನಾಥ್ ಮತ್ತು ಅವರ ಪತ್ನಿ ಶೋಭಾ ಬಂದು ಕೈಮುಗಿದು ನಿಂತದ್ದಕ್ಕೂ ಚೀಟಿ ಅರ್ಚಕರ ಕೈ ಸೇರಿದ್ದಕ್ಕೂ ಸರಿಹೋಯಿತು. ಅರ್ಚಕರು ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತು ವರ್ಷ ಕಳೆದವರು, ಹೆಸರುಗಳ ಬಗ್ಗೆ ಬೆರಗಾಗುವುದನ್ನು ಎಂದೋ ಬಿಟ್ಟಿದ್ದರು. ಗಂಭೀರ ಕಂಠದಲ್ಲಿ ಓದಿದರು: ಕೌಶಿಕ ಗೋತ್ರೋದ್ಭವ ವರದರಾಜ, ಧರ್ಮಪತ್ನಿ ಅನಸೂಯ, ಪುತ್ರಿ ಭಾವನಾ, ಆಶ್ಲೇಷಾ ನಕ್ಷತ್ರೇ ಜಾತಸ್ಯ ವೆಂಡೆಲ್ ನಾಮಧೇಯಸ್ಯ, ದಕ್ಷಿಣ ಕೂರ್ಪರ ಆರೋಗ್ಯ ಸಿದ್ಧ್ಯರ್ಥಂ.

ಮೊಣಕೈಗೆ ಸಂಸ್ಕೃತದಲ್ಲಿ ಇಷ್ಟು ಗೌರವವಿದೆಯೆಂದು ತಿಳಿದು ವರದರಾಜರ ಕಣ್ಣು ತುಂಬಿ ಬಂತು. ಹಿಂದೆ ನಿಂತಿದ್ದ ಶೋಭಾ ಅವರ ಕಣ್ಣು ತೆರೆಯಿತು. ಪಕ್ಕದ ಸಾಲಿನಲ್ಲಿದ್ದ ಡೈಮಂಡ್ ಬಾರ್‌ನ ಹರಿಣಿ ಆಂಟಿಯ ಕಣ್ಣಂತೂ ಆವತ್ತಿಡೀ ಮುಚ್ಚಲಿಲ್ಲ.

ಊಟದ ಮೇಜಿನಲ್ಲಿ ಪುಳಿಯೋಗರೆ ಇತ್ತು. ಅನಸೂಯ ಮೊಸರನ್ನದ ಸಾಲಿನಲ್ಲಿ ನಿಂತಿದ್ದರು. ಶೋಭಾ ಗಂಡನ ಮುಖ ನೋಡಿ, ಗಂಟಲು ಸರಿಮಾಡಿಕೊಂಡರು.

“ಅರ್ಚನೇಲಿ ವೆಂಡೆಲ್ ಅಂತ ಒಂದು ಹೆಸರು ಕೇಳಿಸ್ತು. ನಿಮ್ಮ ಮನೆಯವರಾ?”

ವರದರಾಜರ ನಾಲಿಗೆಯ ತುದಿಗೆ ಇಡೀ ಋತುವಿನ ಅಂಕಿಅಂಶ ಬಂದು ನಿಂತಿತು. ಮಗಳ ಕೈ ನೆನಪಾಯಿತು. ನುಂಗಿಕೊಂಡರು. “ಹೂಂ. ನಮ್ಮವನೇ.”

“ಏನು ಮಾಡ್ಕೊಂಡಿದಾರೆ?”

“ಐದು ದಿನಕ್ಕೊಂದ್ಸಲ ಕೆಲಸ.”

ಗೋಪಿನಾಥರ ಚಮಚ ನಿಂತಿತು. “ಐದು ದಿನಕ್ಕೊಂದ್ಸಲ,” ಎಂದರು ನಿಧಾನವಾಗಿ.

“ಈಗ ಅದೂ ಇಲ್ಲ, ಸರ್. ಕೈ ಕೆಟ್ಟಿದೆಯಲ್ಲ. ಹದಿನೈದು ದಿನ ಕೂರಿಸಿದಾರೆ.”

ಶೋಭಾ ಮುಂದಕ್ಕೆ ಬಾಗಿದರು. “ಭಾವನಾಗೆ ಅವರ ಪರಿಚಯ ಇದೆಯಾ?”

“ಮೂರು ವರ್ಷದಿಂದ ದಿನಾ ಮನೇಲಿ ನೋಡ್ತಾಳೆ. ಅವಳಿಗೆ ಅವನನ್ನ ಕಂಡ್ರೆ ಆಗಲ್ಲ, ಎದ್ದು ರೂಮಿಗೆ ಹೋಗ್ತಾಳೆ. ನನಗೇ ಅವನಂದ್ರೆ ಜೀವ.”

“ಮದುವೆ?”

“ಆಗಿದೆಯಲ್ಲ. ಎರಡು ಮಕ್ಕಳು. ಚಿಕ್ಕದಕ್ಕೆ ಈಗ ಎಂಟು ತಿಂಗಳು. ಮುದ್ದಾಗಿದೆ.”

ಇದರಲ್ಲಿ ಒಂದೇ ಒಂದು ವಾಕ್ಯ ಸುಳ್ಳೆಂದು ಯಾವ ನ್ಯಾಯಾಲಯವೂ ಸಾಧಿಸಲಾರದು. ಅನಸೂಯ ನಾಲ್ಕು ಬಟ್ಟಲು ಮೊಸರನ್ನ ಹಿಡಿದು ಬರುವಷ್ಟರಲ್ಲಿ ಮೇಜಿನ ಬಳಿ ವರದರಾಜರೊಬ್ಬರೇ ಇದ್ದರು.

“ಅವರೆಲ್ರೀ?”

“ಯೋಚನೆ ಮಾಡಿ ಹೇಳ್ತೀವಿ ಅಂದ್ರು. ಒಳ್ಳೇ ಜನ. ಒಂದು ಮಾತೂ ಬೇಸ್‌ಬಾಲ್ ಬಗ್ಗೆ ಆಡ್ಲಿಲ್ಲ ನಾನು.”

ಅವರ ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆಯಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹರಿಣಿ ಆಂಟಿ ಬಂದು ಅನಸೂಯರ ಭುಜ ಹಿಡಿದುಕೊಂಡರು. “ಎಲ್ಲಾ ಮುಗಿದುಹೋಗಿದೆ, ಇನ್ನು ಬೈದು ಏನು ಪ್ರಯೋಜನ, ಅನಸೂಯ. ಮೊಮ್ಮಕ್ಕಳ ಮುಖ ನೋಡಿ ನುಂಗ್ಕೋ. ಆದರೆ ಅಳಿಯಂದು ಆಶ್ಲೇಷಾ ಅಂತೆ. ಅದು ಅತ್ತೆಗೆ ಆಗಿಬರಲ್ಲ. ನೀನು ಹುಷಾರಾಗಿರು.”

ಸಂಜೆ ನಾಲ್ಕಕ್ಕೆ ಬೀಗರ ಚಹಾಕ್ಕೆಂದು ವಾಲ್‌ನಟ್‌ನಲ್ಲಿ ಕೇಸರಿಬಾತ್ ಕಾದಿತ್ತು. ಬಂದದ್ದು ಅಮೋಘ ಒಬ್ಬನೇ. ಅವನ ತಂದೆತಾಯಿ ದೇವಸ್ಥಾನದಿಂದ ನೇರ ಊರಿಗೆ ಹೋಗಿಬಿಟ್ಟಿದ್ದರು. ಅವನು ಕೂತು, ನೀರು ಕುಡಿದು, “ಅಂಕಲ್, ವೆಂಡೆಲ್‌ನ ದತ್ತು ತಗೊಂಡ್ರಾ?” ಎಂದ.

ವರದರಾಜರು ನಡೆದದ್ದನ್ನು ಹೇಳಿದರು. ಭಾವನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. “ಹೂ ಡಸ್ ದಿಸ್, ಅಪ್ಪ? ಹೂ ಗಿವ್ಸ್ ಎ ಪಿಚರ್ ಎ ಗೋತ್ರ?”

“ಸುಮ್ನೆ ಬಿಡೋಕಾಗತ್ತಾ? ದೇವರು ಯಾರ ಮೊಣಕೈ ಅಂತ ಹುಡುಕಬೇಕು?”

ಅನಸೂಯರು ಮಾತಾಡಿದರು. ಅದುವರೆಗೂ ಸುಮ್ಮನಿದ್ದದ್ದರಿಂದ ಎಲ್ಲರೂ ತಿರುಗಿ ನೋಡಿದರು. “ನನ್ನ ನಕ್ಷತ್ರ ಯಾವುದು ಹೇಳ್ರೀ.”

ವರದರಾಜರು ಕೇಸರಿಬಾತಿನ ಕಡೆ ನೋಡಿದರು.

ಅಮೋಘ ತಾಯಿಗೆ ಫೋನ್ ಮಾಡಿ ನಿಜಸಂಗತಿ ತಿಳಿಸಿದ, ವೆಂಡೆಲ್‌ನ ಫೋಟೊ ಕಳಿಸಿದ. ಅದರಿಂದ ಇನ್ನೂ ಕೆಟ್ಟಿತು. “ಯೂನಿಫಾರ್ಮ್ ಹಾಕಿದಾನೆ, ಎತ್ತರ ಇದಾನೆ, ನಗು ಚೆನ್ನಾಗಿದೆ,” ಎಂದರು ಶೋಭಾ. “ನೀನು ಪಾಪದವನು, ಅಮ್ಮು. ಅವರು ಹೇಳಿದ್ದನ್ನ ನಂಬ್ತಿದೀಯ. ಗುರುತಿಲ್ಲದ ಆಟಗಾರನಿಗೆ ಯಾರಾದ್ರೂ ಸ್ವಂತ ಗೋತ್ರ ಕೊಡ್ತಾರಾ?” ಗೋಪಿನಾಥ್ ಏನೆನ್ನುತ್ತಾರೆ ಎಂದು ಕೇಳಿದ್ದಕ್ಕೆ ಶೋಭಾ ಹೇಳಿದರು: “ನಿಮ್ಮಪ್ಪ ಊಟ ಬಿಟ್ಟಿದಾರೆ. ಬಾಯೇ ಬಿಡ್ತಿಲ್ಲ.”

ಮಂಗಳವಾರದ ಹೊತ್ತಿಗೆ ಸುದ್ದಿ ಲಾಸ್ ಏಂಜಲೀಸಿನ ಎಲ್ಲ ಹೆದ್ದಾರಿಗಳ ಉದ್ದಕ್ಕೂ ಹರಡಿತ್ತು. ಮೈಸೂರಿನ ಮೂವರು ಮೂಳೆ ಡಾಕ್ಟರುಗಳು, ಮೂವರೂ ನಿವೃತ್ತರು, ಬೇರೆ ಬೇರೆಯಾಗಿ ಫೋನ್ ಮಾಡಿ ಅಳಿಯನ ಸ್ಕ್ಯಾನ್ ತಮಗೆ ಕಳಿಸಲು ಹೇಳಿದರು. ಸಂಜೆ ಸಂಘದ ಅಧ್ಯಕ್ಷ ವೀರಭದ್ರಪ್ಪನವರೇ ಬಂದರು. ಕೈಯಲ್ಲಿ ಹೋಳಿಗೆ ಡಬ್ಬಿ, ಬಗಲಲ್ಲಿ ಎಣ್ಣೆ ಬಾಟಲಿ.

“ಇಷ್ಟ ದೊಡ್ಡ ವಿಷಯ ಮುಚ್ಚಿಟ್ರಿ ನೋಡ್ರಿ ಸರ. ನಾವೇನ ಹೊರಗಿನವ್ರಾ?”

“ವೀರಭದ್ರಪ್ಪನವರೇ, ಅವನು ಪಿಚರ್. ಬೇಸ್‌ಬಾಲ್ ಆಡ್ತಾನೆ. ದಿನಾ ಗುಂಪಿನಲ್ಲಿ ಅವನ ಬಗ್ಗೆ ಬರೀತೀನಲ್ಲ, ಓದಿಲ್ವಾ?”

ವೀರಭದ್ರಪ್ಪನವರು ತುಸು ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. “ಓದೂದ ಓದ್ತೀನ್ರಿ. ಆದ್ರ ಅದರಾಗ ಗೋತ್ರ ಬರದಿದ್ದಿಲ್ಲ ನೀವು.” ಬಾಟಲಿಯನ್ನು ಮೇಜಿನ ಮೇಲಿಟ್ಟರು. “ಮಹಾನಾರಾಯಣ ತೈಲ ಐತ್ರಿ. ರಾತ್ರಿ ಮೊಣಕೈಗೆ ತಿಕ್ಕಿ ಮಲಗಂತ ಹೇಳ್ರಿ. ಹುಡುಗ ಯಾವ ಜಾತಿಯವ ಇರ್ಲಿ, ನೋವು ನೋವss ಅಲ್ರಿ.”

ಬುಧವಾರ ಸ್ಕ್ಯಾನಿನ ಫಲಿತಾಂಶ ಬಂತು. ಕಟ್ಟು ಹರಿದಿಲ್ಲ, ಬರೀ ಊತ, ಒಂದು ತಿಂಗಳ ವಿಶ್ರಾಂತಿ ಸಾಕು. ವರದರಾಜರು ಸೋಫಾದಿಂದ ಎದ್ದು ಎರಡೂ ಕೈ ಮೇಲೆತ್ತಿದರು. ಎದುರು ಭಾವನಾ ನಿಂತಿದ್ದಳು, ಅಳು ತಡೆದ ಮುಖ. ಅವರು ಕೈಗಳನ್ನು ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡರು.

“ನಾನು ಹೋಗಿ ಮಾತಾಡ್ತೀನಿ, ಮಗಳೇ.”

“ನೀವು ಮಾತಾಡೋದು ಬೇಡ ಅಂತ ತಾನೇ ನಾನು ಸ್ಟಾರ್ಟ್ ಮಾಡಿದ್ದು.”

ಶುಕ್ರವಾರ ಗೋಪಿನಾಥರೇ ಕರೆ ಮಾಡಿದರು. ಸ್ವರ ಚಪ್ಪಟೆಯಾಗಿತ್ತು. “ನಾಳೆ ಹನ್ನೊಂದಕ್ಕೆ ಸ್ಯಾನ್ ಡಿಯೇಗೊಗೆ, ಕರ್ನಿ ಮೆಸಾಕ್ಕೆ ಬನ್ನಿ. ನಮ್ಮ ಆಫೀಸಿನ ಎದುರಿಗೆ ಒಂದು ಇಡ್ಲಿ ಹೋಟೆಲಿದೆ. ಒಬ್ಬರೇ ಬನ್ನಿ.”

ಒಬ್ಬರನ್ನೇ ಕಳಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಅನಸೂಯ ಮತ್ತು ಭಾವನಾ ಕಾರಿನಲ್ಲಿ ಜೊತೆಗೇ ಬಂದು, ಅಮೋಘನ ಮನೆಯಲ್ಲಿ ಶೋಭಾ ಅವರ ಎದುರು, ಎರಡು ಸೋಫಾಗಳ ಅಂತರದಲ್ಲಿ, ಕೂತರು. ವರದರಾಜರು ತಮ್ಮ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿ ದಪ್ಪ ಫೈಲೊಂದನ್ನು ಬಗಲಲ್ಲಿಟ್ಟುಕೊಂಡು ಹೋಟೆಲು ಹೊಕ್ಕರು. ಗೋಪಿನಾಥ್ ಮೂಲೆಯ ಮೇಜಿನಲ್ಲಿದ್ದರು. ಇಡ್ಲಿ ಬಂದಿತ್ತು, ಮುಟ್ಟಿರಲಿಲ್ಲ.

“ಗೋಪಿನಾಥ್ ಅವರೇ, ಆ ವೆಂಡೆಲ್ ನಮ್ಮ ಅಳಿಯ ಅಲ್ಲ.”

“ಗೊತ್ತು.”

“ಅವನೊಬ್ಬ ಬೇಸ್‌ಬಾಲ್—”

“ಗೊತ್ತು ರೀ.” ಗೋಪಿನಾಥ್ ಸುತ್ತಲೂ ನೋಡಿ ದನಿ ತಗ್ಗಿಸಿದರು. “ಐದು ದಿನಕ್ಕೊಂದ್ಸಲ ಅಂದ ತಕ್ಷಣ ಗೊತ್ತಾಯ್ತು. ಬಲ ಮೊಣಕೈ, ಹದಿನೈದು ದಿನ. ಈ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇನ್ನ್ಯಾವ ವೆಂಡೆಲ್ ಇದಾನೆ? ನಾನು ಇಪ್ಪತ್ತೆರಡು ವರ್ಷದಿಂದ ಸ್ಯಾನ್ ಡಿಯೇಗೊ ತಂಡದ ಕಡೆಯವನು.”

ವರದರಾಜರು ಕುರ್ಚಿ ಎಳೆದು ಕೂತರು. “ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

“ಹೆಣ್ಣಿನ ಮನೆಯವರ ಮುಂದೆ ಬೇಸ್‌ಬಾಲ್ ಅಂತ ಬಾಯಿಬಿಟ್ರೆ ನೋಡಿ ಅಂತ ಶೋಭಾ ಮಾತು ತಗೊಂಡಿದ್ಲು.”

ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದರು. ಆ ನೋಟದಲ್ಲಿ ಮೈತ್ರಿ ಮೊಳೆಯಬಹುದಿತ್ತು. ಗೋಪಿನಾಥ್ ಅದಕ್ಕೆ ಅವಕಾಶ ಕೊಡಲಿಲ್ಲ. ಬೆರಳಿನಿಂದ ಮೇಜು ಕುಟ್ಟಿದರು.

“ಅಳಿಯ ಆಗಿದ್ರೆ ನಾನು ಕ್ಷಮಿಸ್ತಿದ್ದೆ. ಕಾಲ ಬದಲಾಗಿದೆ, ನಾನೂ ಬದಲಾಗಿದೀನಿ. ಆದರೆ ನೀವು ಮಾಡಿದ್ದೇನು? ಭಾನುವಾರ ಅರ್ಚನೆ. ಮಂಗಳವಾರ ಸ್ಕ್ಯಾನ್. ಬುಧವಾರ ಏನಂತ ಬಂತು? ಹರಿದಿಲ್ಲ. ಹೆಂಗ್ರೀ ಹರಿದಿಲ್ಲ? ಅವನು ಕೈ ಹಿಡ್ಕೊಂಡು ಒಳಗೆ ಹೋಗಿದ್ದನ್ನ ನಾನೇ ನೋಡಿದೀನಿ. ಮುಂದಿನ ತಿಂಗಳು ಇಪ್ಪತ್ತೊಂದಕ್ಕೆ ನಮ್ಮ ವಿರುದ್ಧ ಇಳೀತಾನೆ. ಯಾರ ದಯದಿಂದ? ನಿಮ್ಮ ಗೋತ್ರದ ದಯದಿಂದ. ಇಂಥ ಮನೆಯಿಂದ ನಾನು ಹೆಣ್ಣು ತರಬೇಕಾ?”

ವಿಷಯ ಈಗ ನಿಜಕ್ಕೂ ಗಂಭೀರವಾಗಿತ್ತು. ತಪ್ಪು ತಿಳಿವಳಿಕೆಯನ್ನು ತಿದ್ದಬಹುದು. ಇಲ್ಲಿ ತಿದ್ದಲು ಏನೂ ಇರಲಿಲ್ಲ, ಗೋಪಿನಾಥ್ ಎಲ್ಲವನ್ನೂ ಸರಿಯಾಗಿಯೇ ತಿಳಿದುಕೊಂಡಿದ್ದರು. ವರದರಾಜರು ಫೈಲನ್ನು ಅವರತ್ತ ತಳ್ಳಿದರು.

ಗೋಪಿನಾಥ್ ಹಾಳೆ ತಿರುವಿದರು. ಒಂದೊಂದು ಹಾಳೆಗೆ ಒಬ್ಬೊಬ್ಬ ಪಿಚರ್: ಗಾಯ, ಕಾರಣ, ನಕ್ಷತ್ರ. ಹನ್ನೆರಡನೇ ಹಾಳೆಗೆ ಬಂದಾಗ ಅವರ ಮುಖದ ಬಣ್ಣ ಬದಲಾಯಿತು.

“ಇದು ನಮ್ಮ ಮಟೆಯೋ. ಎಡಗೈ ಹುಡುಗ. ಇವನ ನಕ್ಷತ್ರ ನಿಮಗ್ಯಾಕೆ?” ಅವರ ಕಣ್ಣು ಕಿರಿದಾಯಿತು. “ಮಾರ್ಚ್‌ನಿಂದ ಅವನ ಭುಜ ಮೇಲೇಳ್ತಿಲ್ಲ. ಏನಾದ್ರೂ ಮಾಡಿಸಿಬಿಟ್ರಾ?”

“ಛೆ, ಛೆ.” ವರದರಾಜರಿಗೆ ಮೊದಲ ಬಾರಿಗೆ ಸಿಟ್ಟು ಬಂತು. “ಬ್ಯಾಟ್ ಮಾಡೋವಾಗ ನಮ್ಮವರು, ನಿಮ್ಮವರು. ಕೈ ಕೆಟ್ಟವನಲ್ಲಿ ಎಂಥ ನಮ್ಮವರು, ನಿಮ್ಮವರು, ಸರ್? ಇವನದ್ದು ರೋಹಿಣಿ. ಇಪ್ಪತ್ಮೂರು ವರ್ಷ. ಏಪ್ರಿಲ್‌ನಲ್ಲೇ ಲೆಕ್ಕ ಹಾಕಿಟ್ಟೆ. ಇವನಿಗೂ ಮಾಡಿಸಬೇಕು ಅಂತಲೇ ಇತ್ತು.”

“ಮತ್ತೆ ಮಾಡಿಸ್ಲಿಲ್ಲ.”

“ಹೇಗೆ ಮಾಡಿಸ್ಲಿ? ಗೋತ್ರ ಬೇಕಲ್ಲ. ನಮ್ಮದನ್ನ ಕೊಡೋಕೆ ಅವನು ನಮ್ಮ ತಂಡದವನಲ್ಲ. ಕಾಶ್ಯಪ ಅನ್ನೋಕೆ ದಿಕ್ಕಿಲ್ಲದವನೂ ಅಲ್ಲ. ಸ್ಯಾನ್ ಡಿಯೇಗೊದ ಹಿರಿಯರು ಯಾರನ್ನಾದ್ರೂ ಕೇಳದೆ ನಾನಾಗಿ ಕೊಡೋದು ಸರಿಯಾ?”

ಗೋಪಿನಾಥ್ ಕನ್ನಡಕ ತೆಗೆದರು. ಒರೆಸಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು. ಮೂವತ್ತು ವರ್ಷ ದೋಷ ಹುಡುಕಿದ ಮನುಷ್ಯ ಆ ಹಾಳೆಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಓದಿ, ಕೊನೆಗೆ ತಮ್ಮ ಪೆನ್ನು ತೆಗೆದು ಕೊಟ್ಟರು.

“ಭಾರದ್ವಾಜ,” ಎಂದರು. “ನಮ್ಮದೇ. ಭಾರದ್ವಾಜ ಅಂತ ಬರ್ಕೊಳ್ಳಿ.”

ಒಂದೂವರೆಯವರೆಗೆ ಕಾದರೂ ಫೋನು ಬಾರದಿದ್ದಾಗ, ಅಮೋಘನ ಮನೆಯಲ್ಲಿ ಎರಡು ಸೋಫಾಗಳ ಅಂತರ ತಾನಾಗಿಯೇ ಕರಗಿತ್ತು. ಇಬ್ಬರು ಗಂಡಸರು ಹೊಡೆದಾಡಿಕೊಂಡರೋ ಏನೋ ಎಂದು ಶೋಭಾ ಅನಸೂಯರ ಕೈ ಹಿಡಿದಿದ್ದರು. ನಾಲ್ವರೂ ಒಂದೇ ಕಾರಿನಲ್ಲಿ ಹೋಟೆಲಿಗೆ ಧಾವಿಸಿದರು.

ಒಳಗೆ ಹೊಡೆದಾಟವೇ ನಡೆದಂತಿತ್ತು. ಮೇಜಿನ ಮೇಲೆ ಒಂಬತ್ತು ಬಟ್ಟಲುಗಳು ಸಾಲಾಗಿ ನಿಂತಿದ್ದವು: ಸಾಂಬಾರ್, ಚಟ್ನಿ, ಉಪ್ಪು, ಉಪ್ಪಿನಕಾಯಿ, ಬೇರೆ ಮೇಜುಗಳಿಂದ ತಂದವೂ ಸೇರಿ. ವರದರಾಜರು ಎದ್ದು ನಿಂತು ಸಾಂಬಾರಿನ ಬಟ್ಟಲನ್ನು ಮುಂದಕ್ಕೆ ತಳ್ಳುತ್ತಿದ್ದರು, ಗೋಪಿನಾಥ್ ಅದನ್ನು ಹಿಂದಕ್ಕೆ ಎಳೆಯುತ್ತಿದ್ದರು. ಇಬ್ಬರ ಮುಖವೂ ಕೆಂಪಾಗಿತ್ತು.

“ಏನಾಯ್ತು?” ಎಂದರು ಶೋಭಾ.

“ಒಪ್ಪಿಗೆ ಆಗಲ್ಲ,” ಎಂದರು ಗೋಪಿನಾಥ್, ಬಟ್ಟಲು ಬಿಡದೆ. “ಜಪ್ಪಯ್ಯ ಅಂದ್ರೂ ಆಗಲ್ಲ.”

ಭಾವನಾ ಅಲ್ಲೇ ಇದ್ದ ಕುರ್ಚಿ ಹಿಡಿದುಕೊಂಡಳು. ಅಮೋಘ ಅವಳ ಬೆನ್ನ ಹಿಂದೆ ಬಂದು ನಿಂತ. “ಅಪ್ಪ, ಪ್ಲೀಸ್,” ಎಂದ. “ಎರಡು ವರ್ಷ ಆಯ್ತು.”

“ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ ನಾನು. ನಮ್ಮ ದೊಡ್ಡ ಹೊಡೆತದವನು ಮೂರನೇ ಜಾಗದಲ್ಲೇ ಬರಬೇಕು. ಇವರು ಎರಡನೇದಕ್ಕೆ ಹಾಕಿ ಅಂತಾರೆ.”

ಅನಸೂಯರೇ ಕೇಳಿದರು: “ಮದುವೆ?”

“ಯಾವ ಮದುವೆ?” ಗೋಪಿನಾಥ್ ತಲೆಯೆತ್ತಿದರು. “ಓ, ಅದಾ. ಅದು ಕಾಫಿ ಬರೋಕ್ ಮುಂಚೇನೇ ಆಯ್ತಲ್ಲ. ಆಗಸ್ಟ್‌ನಲ್ಲಿ ನಿಶ್ಚಿತಾರ್ಥ. ಪಂದ್ಯ ಇಲ್ಲದ ದಿನ ನೋಡಿದೀವಿ.”

ಭಾವನಾ ಕುರ್ಚಿ ಬಿಟ್ಟು, ಅದರಲ್ಲೇ ಕೂತು, ನಗಲು ಶುರುಮಾಡಿದಳು. ಶೋಭಾ ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಮನೆಗೆ ಉಳಿಸಿಕೊಂಡು ಆರು ಕಾಫಿ ಹೇಳಿದರು. ವರದರಾಜರಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವರು ಇನ್ನೂ ನಿಂತೇ ಇದ್ದರು.

“ಆಟದ ಕೊನೇ ಔಟು ಎರಡನೆಯವನದ್ದು ಅಂತಿಟ್ಕೊಳ್ಳಿ. ಆಟದಲ್ಲಿ ಎರಡನೆಯವನಿಗೆ ಮೂರನೆಯವನಿಗಿಂತ ಒಂದು ಸರದಿ ಜಾಸ್ತಿ ಸಿಗೋ ದಿನ ವರ್ಷಕ್ಕೆ ಹದಿನೆಂಟು. ಹದಿನೆಂಟು ಸಲ ನಿಮ್ಮ ದೊಡ್ಡ ಹೊಡೆತದವನು ಸುಮ್ನೆ ಬೆಂಚ್ ಮೇಲೆ ಕೂತು ನೋಡ್ತಾನೆ. ಇತ್ತ ನಿಮ್ಮಲ್ಲೂ ನಮ್ಮ ಹಾಗೇ ಪಿಚರ್‌ಗಳಿಲ್ಲ, ಎಲ್ಲರ ಕೈ ಕೆಟ್ಟಿದೆ. ಎದುರಾಳಿ ಐದು ರನ್ ಹೊಡೀತಾನೆ. ನೀವು ಆರು ಹೊಡೀಲೇಬೇಕು. ಅಂಥ ಹೊತ್ತಲ್ಲಿ ನಿಮ್ಮ ಒಳ್ಳೇ ಬ್ಯಾಟನ್ನ ಕಾಯಿಸ್ತೀರಾ?”

ಗೋಪಿನಾಥ್ ಬಟ್ಟಲುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ತುಟಿಯಲ್ಲೇ ಏನೋ ಎಣಿಸಿದರು. ಮಾಣಿ ಕಾಫಿ ತಂದು, ಇಡಲು ಜಾಗವಿಲ್ಲದೆ, ತಾನೂ ನೋಡುತ್ತ ನಿಂತ.

ಶನಿವಾರ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿದ್ದಾಗ, ಕರ್ನಿ ಮೆಸಾದ ಇಡ್ಲಿ ಹೋಟೆಲಿನಲ್ಲಿ, ಸಾಕ್ಷಿಗಳ ಸಮಕ್ಷಮ, ಗೋಪಿನಾಥರ ಕೈ ಸಾಂಬಾರಿನ ಬಟ್ಟಲನ್ನು ಹಿಡಿದು ಉಪ್ಪಿನಕಾಯಿಯನ್ನು ದಾಟಿಸಿ ಎರಡನೆಯ ಜಾಗದಲ್ಲಿಟ್ಟಿತು.

“ಆಗಲಿ,” ಎಂದರು. “ನೀವು ಹೇಳಿದ ಹಾಗೇ ಇರಲಿ, ಬೀಗರೇ.”